ಆಸ್ಪತ್ರೆಗೆ ಸೇರುವ ಮುಂಚೆ ನಾಯಿ, ಬೆಕ್ಕನ್ನು ಎಲ್ಲಿ ಬಿಡೋದು?

ತುಮಕೂರಿನವರಿಗೆ ದೊಡ್ಡ ಕಾಯಿಲೆ ಬಂದರೆ ಬಹಳ ಸಲ ಬೆಂಗಳೂರಿನ ದಾರಿಯೇ. ಕ್ಯಾನ್ಸರ್‌ಗೆ ಕಿದ್ವಾಯಿ, ಹೃದಯಕ್ಕೆ ಜಯದೇವ, ನರಗಳ ತೊಂದರೆಗೆ ನಿಮ್ಹಾನ್ಸ್. ದೂರ ಸುಮಾರು 70 ಕಿಲೋಮೀಟರ್. ಬೆಳಿಗ್ಗೆ ಹೋಗಿ ಸಂಜೆ ಬರಬಹುದು ಅನ್ನಿಸುತ್ತದೆ. ಆದರೆ ಅಡ್ಮಿಟ್ ಆದಮೇಲೆ ರೋಗಿಯ ಜೊತೆ ಒಬ್ಬರು ಇರಲೇಬೇಕು. ಗಂಡ ಹೆಂಡತಿ ಇಬ್ಬರೇ ಇರುವ ಮನೆಯಾದರೆ ಬಾಗಿಲಿಗೆ ಬೀಗ. ಒಂಟಿಯಾಗಿರುವವರ ಪಾಡಂತೂ ಕೇಳಲೇಬೇಡಿ. "ನಾಯಿ ನೋಡಿಕೊಳ್ಳೋರು ಯಾರೂ ಇಲ್ಲ, ಮುಂದಿನ ತಿಂಗಳು ನೋಡೋಣ" ಅಂತ ಆಪರೇಷನ್ ಮುಂದಕ್ಕೆ ಹಾಕುವವರು ಇದ್ದಾರೆ. ಹತ್ತು ವರ್ಷ ಜೊತೆಯಲ್ಲಿದ್ದ ಜೀವವನ್ನು ಬೇರೆಯವರ ಕೈಗೆ ಕೊಟ್ಟು ಹೋಗೋದು ಸುಲಭವಲ್ಲ, ನಿಜ. ಹಾಗಂತ ಚಿಕಿತ್ಸೆ ತಡವಾಗಬಾರದು.

ಇರುವ ದಾರಿಗಳು ನಾಲ್ಕೈದು. ಅವುಗಳಲ್ಲಿ ಯಾವುದು ಒಳ್ಳೆಯದು ಅಂತ ಮೊದಲೇ ಹುಡುಕೋಕೆ ಹೋಗಬೇಡಿ. ಎಷ್ಟು ದಿನಕ್ಕೆ ಬೇಕು ಅನ್ನೋದು ಮೊದಲ ಪ್ರಶ್ನೆ. ನಿಮ್ಮ ಪ್ರಾಣಿಯ ಸ್ವಭಾವ ಏನು ಅನ್ನೋದು ಎರಡನೆಯದು. ದುಡ್ಡಿನ ಲೆಕ್ಕ ಆಮೇಲೆ. ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಯಾರು ಬಿಟ್ಟಿಯಾಗಿ ಇಟ್ಟುಕೊಳ್ಳುತ್ತಾರೆ ಅಂತ ಮೊದಲು ನೋಡುತ್ತಾರೆ. ಮೂರನೇ ವಾರಕ್ಕೆ ಆ ಮನೆಯಿಂದ ಫೋನ್ ಬರುತ್ತದೆ, "ಇನ್ನು ಆಗೋದಿಲ್ಲ ಕಣ್ರೀ" ಅಂತ. ಆಗ ನೀವು ಹಾಸಿಗೆಯಲ್ಲಿ ಇರುತ್ತೀರಿ.

ದಿನ ಲೆಕ್ಕ ಹಾಕೋದು

ಡಾಕ್ಟರು "ಐದು ದಿನಕ್ಕೆ ಡಿಸ್ಚಾರ್ಜ್" ಅಂದರೆ ನಾಯಿ ಐದು ದಿನಕ್ಕೆ ವಾಪಸ್ ಬರಬಹುದು ಅಂತಲ್ಲ. ಬೈಪಾಸ್ ಆದವರ ಎದೆಮೂಳೆ ಕೂಡಿಕೊಳ್ಳೋಕೆ ಸಾಮಾನ್ಯವಾಗಿ 6ರಿಂದ 8 ವಾರ ಬೇಕು. ಅಲ್ಲಿಯವರೆಗೆ ಭಾರ ಎತ್ತುವಂತಿಲ್ಲ, ಜಗ್ಗುವಂತಿಲ್ಲ. 30 ಕೆಜಿ ಲ್ಯಾಬ್ರಡಾರ್ ಬೆಲ್ಟ್ ಎಳೆದರೆ ಏನಾಗುತ್ತದೆ ಯೋಚಿಸಿ. ಮಂಡಿ ಬದಲಾಯಿಸಿಕೊಂಡವರು ವಾಕರ್ ಹಿಡಿದು ಓಡಾಡುವಾಗ ಕಾಲಿಗೆ ಅಡ್ಡ ಬರುವ ಸಣ್ಣ ಪಮೇರಿಯನ್ನೂ ಅಪಾಯವೇ. ರೇಡಿಯೇಷನ್ ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಹಲವರಿಗೆ ಐದಾರು ವಾರ ನಡೆಯುತ್ತದೆ. ದಿನಾ ರೈಲಿನಲ್ಲಿ ಹೋಗಿಬರುವ ಶಕ್ತಿ ಇಲ್ಲದವರು ಆಸ್ಪತ್ರೆ ಹತ್ತಿರ ರೂಮು ಮಾಡುತ್ತಾರೆ. ಅಲ್ಲಿಗೆ ನಾಯಿ ಕರೆದುಕೊಂಡು ಹೋಗುವ ಯೋಚನೆ ಬಿಟ್ಟುಬಿಡಿ. ಬಾಡಿಗೆಗೆ ಕೊಡುವವರು ಒಪ್ಪೋದೂ ಕಷ್ಟ, ನಿಮ್ಮ ಕೈಲಿ ಆಗೋದೂ ಇಲ್ಲ. ಕಿಡ್ನಿ ಕಸಿಯಲ್ಲಿ ಇನ್ನೊಂದು ವಿಷಯವಿದೆ. ಕೊಡುವವರೂ ತೆಗೆದುಕೊಳ್ಳುವವರೂ ಬಹಳ ಸಲ ಒಂದೇ ಮನೆಯವರು. ಇಬ್ಬರೂ ಒಟ್ಟಿಗೆ ಮಲಗುತ್ತಾರೆ.

ಹಾಗಾಗಿ ಡಾಕ್ಟರ ಹತ್ತಿರ ಎರಡು ತಾರೀಕು ಕೇಳಿ. ಮನೆಗೆ ಯಾವಾಗ ಬರ್ತೀನಿ ಅನ್ನೋದು ಒಂದು. ನಾಯಿಯನ್ನು ನಾನೇ ಹಿಡಿದು ಓಡಾಡಿಸೋದು ಯಾವಾಗ ಅನ್ನೋದು ಇನ್ನೊಂದು. ಎರಡನೇ ತಾರೀಕಿಗೆ ಇನ್ನೂ ಒಂದೆರಡು ವಾರ ಸೇರಿಸಿಕೊಂಡು ಏರ್ಪಾಡು ಮಾಡಿ.

ಕಳಿಸಲೇಬೇಕಾ?

ಕೀಮೋ ಶುರುವಾಯಿತು ಅಂದ ತಕ್ಷಣ ಅಕ್ಕಪಕ್ಕದವರು "ಮೊದಲು ಆ ಬೆಕ್ಕನ್ನ ಮನೆಯಿಂದ ಆಚೆ ಹಾಕಿ" ಅಂತಾರೆ. ಎಲ್ಲ ಮನೆಯಲ್ಲೂ ಅದು ಬೇಕಾಗಿಲ್ಲ. ಕೀಮೋ ತೆಗೆದುಕೊಳ್ಳುವವರಿಗೆ ಬಿಳಿ ರಕ್ತಕಣ ಕಡಿಮೆಯಾಗುವ ದಿನಗಳಿರುತ್ತವೆ. ಆಗ ಸಣ್ಣ ಗೀರು, ಕಚ್ಚು ಕೂಡ ಸೋಂಕಿಗೆ ದಾರಿ. ಬೆಕ್ಕಿನ ಮಲದ ತಟ್ಟೆ ಬಳಿಯೋದು, ನಾಯಿಯ ಹೊಲಸು ಎತ್ತೋದು, ಹಕ್ಕಿ ಪಂಜರ ಮತ್ತು ಮೀನಿನ ತೊಟ್ಟಿ ತೊಳೆಯೋದು ರೋಗಿಯ ಕೆಲಸ ಆಗಬಾರದು. ನಾಯಿ ಮುಖ ನೆಕ್ಕೋಕೆ, ಗಾಯ ನೆಕ್ಕೋಕೆ ಬಿಡಬಾರದು. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು. ಪ್ರಾಣಿಗೆ ಲಸಿಕೆ, ಜಂತುಹುಳದ ಔಷಧಿ, ಉಣ್ಣೆಗೆ ಔಷಧಿ ಎಲ್ಲ ಆಗಿರಬೇಕು. ಈ ಕೆಲಸ ಮಾಡೋಕೆ ಮನೆಯಲ್ಲಿ ಇನ್ನೊಬ್ಬರು ಗಟ್ಟಿಯಾಗಿದ್ದರೆ, ಡಾಕ್ಟರೂ ಒಪ್ಪಿದರೆ, ಪ್ರಾಣಿ ಮನೆಯಲ್ಲೇ ಇರಲಿ. ಕೀಮೋ ದಿನಗಳಲ್ಲಿ ಕಾಲ ಬಳಿ ಮಲಗುವ ಒಂದು ಜೀವ ಎಷ್ಟು ಧೈರ್ಯ ಕೊಡುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು.

ಅದರ ಜೊತೆ ಪ್ರಾಣಿಯ ರಕ್ಷಣೆಯೂ ಬೇಕು. ಕೀಮೋ ಔಷಧಿ ರೋಗಿಯ ಮೂತ್ರ, ವಾಂತಿಯಲ್ಲಿ ಸುಮಾರು 48 ಗಂಟೆ ಹೊರಗೆ ಬರುತ್ತಿರುತ್ತದೆ. ನಾಯಿ ಅದನ್ನು ನೆಕ್ಕದಂತೆ, ಕಮೋಡಿನ ನೀರು ಕುಡಿಯದಂತೆ ನೋಡಿಕೊಳ್ಳಿ. ಮುಚ್ಚಳ ಹಾಕಿ ಫ್ಲಶ್ ಮಾಡಿ.

ಕಸಿ ಮಾಡಿಸಿಕೊಂಡವರ ವಿಷಯ ಬೇರೆ. ರೋಗನಿರೋಧಕ ಶಕ್ತಿಯನ್ನು ಔಷಧಿಯಿಂದಲೇ ತಗ್ಗಿಸಿರುತ್ತಾರೆ, ಮೊದಲ ಕೆಲವು ತಿಂಗಳು ಇನ್ನೂ ಜಾಸ್ತಿ. ಡಾಕ್ಟರು ದೂರ ಇಡಿ ಅಂದರೆ ಮರುಮಾತಿಲ್ಲದೆ ದೂರ ಇಡಿ.

ಬೆಕ್ಕಿಗೆ ಮನೆ, ನಾಯಿಗೆ ಜನ

ಬೆಕ್ಕಿಗೆ ತನ್ನ ಜಾಗ ಮುಖ್ಯ. ಹೊಸ ಮನೆಗೆ ಹೋದರೆ ಮಂಚದ ಕೆಳಗೆ ಸೇರಿಕೊಂಡು ಊಟ ಬಿಡುತ್ತದೆ. ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಅದರ ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಕುತ್ತು ಬರಬಹುದು. ದಪ್ಪ ಬೆಕ್ಕುಗಳಿಗೆ ಈ ಅಪಾಯ ಜಾಸ್ತಿ. ಆದ್ದರಿಂದ ಬೆಕ್ಕಿನ ಮಟ್ಟಿಗೆ ನನ್ನ ಸಲಹೆ ಒಂದೇ: ಅದು ಇರುವಲ್ಲೇ ಇರಲಿ. ನಂಬಿಕೆಯ ಒಬ್ಬರು ದಿನಕ್ಕೆ ಎರಡು ಸಲ ಬಂದು ಊಟ, ನೀರು ಇಟ್ಟು, ತಟ್ಟೆ ಬಳಿದು, ಅರ್ಧ ಗಂಟೆ ಕೂತು ಹೋಗಲಿ. ಬರುವವರಿಗೆ ಒಂದು ಮಾತು ಖಡಾಖಂಡಿತವಾಗಿ ಹೇಳಿರಬೇಕು. ಬೆಕ್ಕಿಗೆ ಹುಷಾರಿಲ್ಲ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬಾರದು. ಒಂದು ಮಾತ್ರೆಯೇ ಬೆಕ್ಕನ್ನು ಕೊಲ್ಲಬಹುದು.

ಈ ಕೆಲಸಕ್ಕೆ ಮನೆಕೆಲಸದ ಅಕ್ಕನನ್ನು ಕೇಳುವವರು ಹೆಚ್ಚು. ಕೇಳಿ, ಆದರೆ "ಹೇಗೂ ಬರ್ತೀರಲ್ಲ" ಅಂತ ಅದೇ ಸಂಬಳಕ್ಕೆ ಹೊರಿಸಬೇಡಿ. ಇದು ಬೇರೆ ಕೆಲಸ, ಬೇರೆ ದುಡ್ಡು ಕೊಡಿ. ಪ್ರಾಣಿ ಕಂಡರೆ ಅವರಿಗೆ ಭಯ ಇದೆಯಾ ಅಂತ ಮೊದಲೇ ವಿಚಾರಿಸಿ. ಭಯ ಇದ್ದವರು ನಿಮ್ಮೆದುರು ಹೇಳುವುದಿಲ್ಲ, ನೀವು ಹೋದಮೇಲೆ ಬಾಗಿಲ ಸಂದಿಯಿಂದ ಅನ್ನ ತಳ್ಳಿ ಹೋಗುತ್ತಾರೆ.

ನಾಯಿಗೆ ಈ ಏರ್ಪಾಡು ನಾಲ್ಕೈದು ದಿನಕ್ಕೆ ಸಾಕು, ಅದೂ ರಾತ್ರಿ ಯಾರಾದರೂ ಮನೆಯಲ್ಲಿ ಮಲಗುವುದಾದರೆ. ಅದಕ್ಕಿಂತ ಜಾಸ್ತಿ ದಿನ ಖಾಲಿ ಮನೆಯಲ್ಲಿ ಬಿಟ್ಟರೆ ಊಳಿಡುತ್ತದೆ, ಬಾಗಿಲು ಕೆರೆಯುತ್ತದೆ. ಅಕ್ಕಪಕ್ಕದವರ ಜೊತೆ ಜಗಳ ಶುರುವಾಗುತ್ತದೆ. ನಾಯಿಗೆ ಬೇಕಾಗಿರೋದು ಮನುಷ್ಯರು.

ಊರಿನ ತೋಟಕ್ಕೆ ಬಿಡೋದು

ನಮ್ಮ ಕಡೆ ಎಲ್ಲರಿಗೂ ಮೊದಲು ಹೊಳೆಯೋದು ಇದೇ. "ಊರಿಗೆ ಕಳಿಸೋಣ, ತೋಟದಲ್ಲಿ ಆರಾಮಾಗಿ ಓಡಾಡಿಕೊಂಡಿರುತ್ತೆ." ಗುಬ್ಬಿಯಲ್ಲೋ, ಕುಣಿಗಲ್ಲಿನಲ್ಲೋ, ತಿಪಟೂರಿನಲ್ಲೋ ಅಣ್ಣನ ತೋಟ ಇದ್ದೇ ಇರುತ್ತದೆ. ಇದರಲ್ಲಿ ದೊಡ್ಡ ಅನುಕೂಲವಿದೆ. ಮನೆಯವರೇ, ದುಡ್ಡು ಕೇಳೋದಿಲ್ಲ, ಚಿಕಿತ್ಸೆ ಎರಡು ತಿಂಗಳು ಎಳೆದರೂ ಹೊರಗೆ ಹಾಕೋದಿಲ್ಲ.

ಆದರೆ ಎಸ್.ಎಸ್. ಪುರಂನ ಮನೆಯೊಳಗೆ ಬೆಳೆದ ನಾಯಿ ತೋಟದ ನಾಯಿಯಲ್ಲ. ತುಮಕೂರು ಜಿಲ್ಲೆಯಲ್ಲಿ ಚಿರತೆ ಎಲ್ಲಿ ಬೇಕಾದರೂ ಬರುತ್ತದೆ. ದೇವರಾಯನದುರ್ಗದ ಕಾಡಿನ ಸುತ್ತ ಅಷ್ಟೇ ಅಲ್ಲ, ಗುಬ್ಬಿ, ಕುಣಿಗಲ್ ಕಡೆಯ ತೋಟಗಳಲ್ಲೂ ಇದೆ. ಚಿರತೆಗೆ ನಾಯಿ ಸುಲಭದ ಊಟ. ಮನೆಯ ಮುಂದೆ ಕಟ್ಟಿಹಾಕಿದ ನಾಯಿ ಓಡುವಂತೆಯೂ ಇಲ್ಲ. ಆಮೇಲೆ ಹಾವು, ಇಲಿಗೆ ಇಟ್ಟ ಪಾಷಾಣ, ಬೆಳೆಗೆ ಹೊಡೆದ ಔಷಧಿ, ಊರಿನ ನಾಯಿಗಳ ಗುಂಪು. ಉಣ್ಣೆ ಹತ್ತಿ ಜ್ವರ ಬರೋದಂತೂ ತೀರಾ ಸಾಮಾನ್ಯ. ಬಿಟ್ಟ ಮೊದಲ ವಾರದಲ್ಲೇ ನಿಮ್ಮನ್ನು ಹುಡುಕಿಕೊಂಡು ರಸ್ತೆಗೆ ಓಡುವ ನಾಯಿಗಳೂ ಇವೆ. ನಾಲ್ಕು ಲೇನ್ ಹೈವೇ ಪಕ್ಕದ ಊರಾದರೆ ಅಷ್ಟೇ ಗತಿ.

ಅದಕ್ಕೇ ತೋಟಕ್ಕೆ ಬಿಡುವುದಾದರೆ ನನ್ನ ಷರತ್ತು ಎರಡು. ಕತ್ತಲಾದಮೇಲೆ ನಾಯಿ ಮನೆಯೊಳಗೆ, ಬಾಗಿಲು ಹಾಕಿದ ಕಡೆ ಮಲಗಬೇಕು. ಮೊದಲ ಎರಡು ವಾರ ಹೊರಗೆ ಹೋದರೆ ಸರಪಳಿ ಅಥವಾ ಬೆಲ್ಟ್ ಯಾರದಾದರೂ ಕೈಯಲ್ಲಿರಬೇಕು. "ನಾಯಿನ ಒಳಗೆ ಸೇರಿಸೋದಿಲ್ಲಪ್ಪ" ಅಂತ ದೊಡ್ಡಮ್ಮ ಹೇಳಿದರೆ ಅದು ಅವರ ಮನೆ, ಅವರ ಪದ್ಧತಿ. ಬೇಸರ ಮಾಡಿಕೊಳ್ಳದೆ ಬೇರೆ ದಾರಿ ನೋಡಿ.

ಇನ್ನೊಂದು ಸಂಪ್ರದಾಯ ಇದೆ, ಸರದಿ. ಒಂದು ವಾರ ಅಕ್ಕನ ಮನೆ, ಒಂದು ವಾರ ತಮ್ಮನ ಮನೆ, ಆಮೇಲೆ ಆಫೀಸಿನ ಗೆಳೆಯ. ಎಲ್ಲ ದಾರಿಗಳಲ್ಲಿ ನನಗೆ ಇದೇ ಎಲ್ಲಕ್ಕಿಂತ ಕೆಟ್ಟದ್ದು ಅನ್ನಿಸುತ್ತದೆ. ಹೊಸ ಮನೆಯಲ್ಲಿ ನಾಯಿ ಮೊದಲ ಮೂರು ದಿನ ಹೆದರಿರುತ್ತದೆ, ಅಲ್ಲಿನ ದಿನಚರಿಗೆ ಒಗ್ಗೋಕೆ ಮೂರು ವಾರ ಬೇಕು ಅಂತ ನಾಯಿ ರಕ್ಷಣೆ ಮಾಡುವವರು ಹೇಳುತ್ತಾರೆ. ವಾರಕ್ಕೊಂದು ಮನೆ ಆದರೆ ಅದು ಹೆದರಿಕೆಯಲ್ಲೇ ಉಳಿಯುತ್ತದೆ. ಹೆದರಿದ ನಾಯಿಯೇ ಕಚ್ಚೋದು. ಕಚ್ಚಿದ ನಾಯಿಯನ್ನು ಮತ್ತೆ ಯಾರೂ ಇಟ್ಟುಕೊಳ್ಳೋದಿಲ್ಲ.

ಫಾಸ್ಟರ್ ಮನೆ

ನೆಂಟರಲ್ಲದ ಒಂದು ಕುಟುಂಬ ನಿಮ್ಮ ನಾಯಿಯನ್ನು ಗೊತ್ತುಮಾಡಿದ ದಿನದವರೆಗೆ ತಮ್ಮ ಮನೆಯಲ್ಲಿಟ್ಟು ನೋಡಿಕೊಳ್ಳುತ್ತದೆ. ನಾಯಿ ನಿಮ್ಮದೇ. ಊಟ, ಔಷಧಿಯ ಖರ್ಚು ನಿಮ್ಮದು. ಪ್ರೀತಿ, ಹೊತ್ತು ಅವರದು. ಇಂಗ್ಲೆಂಡಿನಲ್ಲಿ ಸಿನಮನ್ ಟ್ರಸ್ಟ್ ಅನ್ನುವ ಸಂಸ್ಥೆ 1985ರಿಂದ ಈ ಕೆಲಸ ಮಾಡುತ್ತಿದೆ. ವಯಸ್ಸಾದವರು ಆಸ್ಪತ್ರೆಗೆ ಸೇರಿದಾಗ ಅದರ ಸ್ವಯಂಸೇವಕರು ಅವರ ನಾಯಿ ಬೆಕ್ಕನ್ನು ತಮ್ಮ ಮನೆಗೆ ಕರೆದೊಯ್ಯುತ್ತಾರೆ, ಮನೆಯಲ್ಲೇ ಹಾಸಿಗೆ ಹಿಡಿದವರ ನಾಯಿಯನ್ನು ದಿನಾ ಓಡಾಡಿಸಿ ಬರುತ್ತಾರೆ. ನಮ್ಮಲ್ಲಿ ನಾವೇ ಹುಡುಕಿಕೊಳ್ಳಬೇಕು.

ಎಲ್ಲಿ ಹುಡುಕೋದು? ನಿಮ್ಮ ನಾಯಿಗೆ ಚುಚ್ಚುಮದ್ದು ಹಾಕುವ ಪಶುವೈದ್ಯರ ಹತ್ತಿರ ಮೊದಲು ಕೇಳಿ. ಯಾರ ಮನೆಯಲ್ಲಿ ನಾಯಿ ಚೆನ್ನಾಗಿದೆ, ಯಾರ ನಾಯಿ ಇತ್ತೀಚೆಗೆ ವಯಸ್ಸಾಗಿ ಹೋಯಿತು, ಯಾರಿಗೆ ಇನ್ನೊಂದು ಸಾಕುವ ಮನಸ್ಸಿದ್ದರೂ ಹತ್ತು ವರ್ಷದ ಜವಾಬ್ದಾರಿ ಬೇಡ ಅನ್ನಿಸಿದೆ, ಇದೆಲ್ಲ ಅವರಿಗೆ ಗೊತ್ತಿರುತ್ತದೆ. ಬೀದಿನಾಯಿಗಳಿಗೆ ದಿನಾ ಊಟ ಹಾಕುವವರು ಪ್ರತಿ ಬಡಾವಣೆಯಲ್ಲೂ ಒಬ್ಬರಾದರೂ ಸಿಗುತ್ತಾರೆ. ಅವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಹಾಕಿಸಿ. ಬೆಳಿಗ್ಗೆ ನಾಯಿ ಓಡಾಡಿಸುವ ಹೊತ್ತಿನಲ್ಲಿ ಪರಿಚಯವಾದವರನ್ನೂ ಬಿಡಬೇಡಿ.

ಹತ್ತು ದಿನಕ್ಕಿಂತ ಜಾಸ್ತಿ ಅಂದರೆ ನಾಯಿಗೆ ನಾನು ಆರಿಸೋದು ಇದನ್ನೇ. ಒಂದೇ ಮನೆ, ಅದೇ ಜನ, ರಾತ್ರಿ ಪಕ್ಕದಲ್ಲಿ ಮನುಷ್ಯರು. ಆದರೆ ನೆಂಟಸ್ತಿಕೆ ಇಲ್ಲದಿರೋದರಿಂದ ಬಾಯಿಮಾತು ಸಾಲದು. ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಸ್ಟಾಂಪ್ ಪೇಪರ್ ಬೇಕಿಲ್ಲ, ಸ್ಪಷ್ಟವಾಗಿದ್ದರೆ ಸಾಕು.

ಅದರಲ್ಲಿ ಏನಿರಬೇಕು ಅಂದರೆ, ಮೊದಲು ವಾಪಸ್ ಕೊಡುವ ತಾರೀಕು, ಚಿಕಿತ್ಸೆ ಮುಂದುವರಿದರೆ ಎಷ್ಟು ದಿನ ಮೊದಲು ತಿಳಿಸಬೇಕು ಅನ್ನೋದು. ತಿಂಗಳಿಗೆ ಊಟಕ್ಕೆ ಎಷ್ಟು, ಯಾವ ದಿನ ಕಳಿಸುತ್ತೀರಿ. ಯಾವ ಡಾಕ್ಟರಿಗೆ ತೋರಿಸಬೇಕು. ನೀವು ಐಸಿಯುನಲ್ಲಿದ್ದು ಫೋನ್ ಎತ್ತದಿದ್ದರೆ ಎಷ್ಟು ಸಾವಿರದವರೆಗೆ ಕೇಳದೆ ಖರ್ಚು ಮಾಡಬಹುದು, ಅದಕ್ಕಿಂತ ಮೇಲಾದರೆ ಯಾರನ್ನು ಕೇಳಬೇಕು. ಹೆಣ್ಣುನಾಯಿ, ಸಂತಾನಹರಣ ಆಗಿಲ್ಲ ಅಂದರೆ ಅದನ್ನೂ ಬರೆಯಿರಿ. ಹೆಚ್ಚು ಕಡಿಮೆ ಆರು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಎರಡು ಮೂರು ವಾರ ಇರುತ್ತದೆ. ಒಂದು ದಿನ ಗೇಟು ತೆರೆದಿದ್ದರೆ ಸಾಕು, 63 ದಿನಕ್ಕೆ ಮರಿಗಳು. ಆ ಮರಿಗಳು ಯಾರದು ಅನ್ನುವ ಜಗಳ ಯಾರಿಗೂ ಬೇಡ. ತಿಂಗಳುಗಟ್ಟಲೆ ಬಿಡುವುದಾದರೆ, ಪಶುವೈದ್ಯರು ಸರಿ ಅಂದರೆ, ಮೊದಲೇ ಆಪರೇಷನ್ ಮಾಡಿಸಿಬಿಡಿ.

ಬರೆಯೋಕೆ ಕೈ ಬಾರದ ಸಾಲು ಒಂದಿದೆ. ನಾನು ವಾಪಸ್ ಬರದಿದ್ದರೆ, ಅಥವಾ ಬಂದರೂ ಸಾಕುವ ಸ್ಥಿತಿಯಲ್ಲಿಲ್ಲದಿದ್ದರೆ, ನಾಯಿ ಯಾರ ಹತ್ತಿರ ಇರಬೇಕು? ಇದನ್ನು ಬರೆಯೋದು ಅಪಶಕುನ ಅಂತ ಹಿಂಜರಿಯಬೇಡಿ. ಒಂದು ಹೆಸರು ಬರೆಯಿರಿ, ಆ ವ್ಯಕ್ತಿಯನ್ನು ಕೇಳಿಯೇ ಬರೆಯಿರಿ. ಈ ಒಂದು ಸಾಲು ಇಲ್ಲದ ಕಾರಣಕ್ಕೇ ಫಾಸ್ಟರ್ ಮಾಡೋಕೆ ಹೆದರುವವರು ಬಹಳ ಜನ. ಎರಡು ತಿಂಗಳಿಗೆ ಒಪ್ಪಿಕೊಂಡು ಹತ್ತು ವರ್ಷ ಹೊರಬೇಕಾಗಬಹುದು ಅಂತ ಅವರ ಭಯ. ಆ ಭಯವನ್ನು ನೀವೇ ತೆಗೆದರೆ ಒಪ್ಪುವವರು ಸಿಗುತ್ತಾರೆ. ಸಾಕಿದ ಪ್ರಾಣಿಯನ್ನು ಕಾರಣವಿಲ್ಲದೆ ಬೀದಿಗೆ ಬಿಡೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ ಅನ್ನೋದೂ ಎರಡೂ ಕಡೆಯವರಿಗೆ ಗೊತ್ತಿರಲಿ.

ರೇಬೀಸ್ ಲಸಿಕೆಯ ದಾಖಲೆ ಜೊತೆಗೇ ಕೊಡಿ. ಲಸಿಕೆ ಆಗಿದ್ದರೂ ಆ ಮನೆಯಲ್ಲಿ ಯಾರಿಗಾದರೂ ಹಲ್ಲು ತಾಗಿದರೆ 15 ನಿಮಿಷ ಸೋಪುನೀರಿನಲ್ಲಿ ತೊಳೆದು ಸರ್ಕಾರಿ ಆಸ್ಪತ್ರೆಗೆ ಹೋಗಲಿ.

ಬೋರ್ಡಿಂಗ್

ದುಡ್ಡು ಕೊಟ್ಟು ಬಿಡುವ ಜಾಗಗಳು ಹೆಚ್ಚಾಗಿ ಬೆಂಗಳೂರಿನ ಕಡೆ ಇವೆ. ಹೊರಗಿನವರನ್ನು ಕಂಡರೆ ಕಚ್ಚುವ ನಾಯಿ, ದಿನಾ ಇನ್ಸುಲಿನ್ ಬೇಕಾದ ನಾಯಿ, ಅಥವಾ ನಾಳೆಯೇ ಅಡ್ಮಿಟ್ ಆಗಬೇಕು ಅನ್ನುವ ಪರಿಸ್ಥಿತಿ ಇದ್ದರೆ ಇದೇ ಸರಿ. ಕಾಯಿಲೆಗೆ ಔಷಧಿ ಕೊಡೋಕೆ ಗೊತ್ತಿರುವವರು ಇದ್ದಾರಾ ಅಂತ ಖಾತ್ರಿ ಮಾಡಿಕೊಳ್ಳಿ. ವಾರ, ಹತ್ತು ದಿನಕ್ಕೆ ತೊಂದರೆಯಿಲ್ಲ. ಅದು ಮುಗಿದ ಮೇಲೆ ಲೆಕ್ಕ ಭಾರವಾಗುತ್ತದೆ. ದಿನಕ್ಕೆ 600 ರೂಪಾಯಿ ಅಂತಿಟ್ಟುಕೊಳ್ಳಿ, 45 ದಿನಕ್ಕೆ 27,000. ಆಸ್ಪತ್ರೆ ಬಿಲ್ಲಿನ ಜೊತೆ ಇದೂ ಸೇರಿದರೆ ಕಷ್ಟ ಅಲ್ವಾ?

ಫೋಟೋ ನೋಡಿ ಬುಕ್ ಮಾಡಬೇಡಿ. ಮನೆಯವರೊಬ್ಬರು ಹೇಳದೆ ಕೇಳದೆ ಹೋಗಿ ನೋಡಿಕೊಂಡು ಬರಲಿ. ನಾಯಿಗಳು ಮಲಗುವ ಜಾಗ ಒಣಗಿದೆಯಾ, ರಾತ್ರಿ ಅಲ್ಲಿ ಯಾರಿರುತ್ತಾರೆ, ಗುಂಪಿನಲ್ಲಿ ಬಿಡುತ್ತಾರಾ ಬೇರೆ ಬೇರೆ ಬಿಡುತ್ತಾರಾ ನೋಡಿ. ಅವರು ಲಸಿಕೆ ಪುಸ್ತಕ ಕೇಳದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ನಿಮ್ಮನ್ನು ಕೇಳದವರು ಬೇರೆಯವರನ್ನೂ ಕೇಳಿರೋದಿಲ್ಲ. ಪಾರ್ವೊ, ಡಿಸ್ಟೆಂಪರ್, ಕೆನ್ನೆಲ್ ಕೆಮ್ಮು ಅನ್ನುವ ನಾಯಿಗಳ ಅಂಟುರೋಗಗಳು ಹರಡೋದೇ ಇಂಥ ಕಡೆ. ಲಸಿಕೆ ಬಾಕಿ ಇದ್ದರೆ ಕಡೇ ಪಕ್ಷ ಎರಡು ವಾರ ಮುಂಚೆ ಹಾಕಿಸಿ, ಹಾಕಿದ ದಿನವೇ ರಕ್ಷಣೆ ಬರೋದಿಲ್ಲ. ಆರೋಗ್ಯವಾಗಿರುವ ನಾಯಿಯನ್ನು ಕ್ಲಿನಿಕ್ಕಿನ ಬೋನಿನಲ್ಲಿ ವಾರಗಟ್ಟಲೆ ಇಡೋದು ನನಗೆ ಒಪ್ಪಿಗೆಯಿಲ್ಲ. ಪಕ್ಕದ ಬೋನಿನಲ್ಲಿರೋದು ಕಾಯಿಲೆಯ ನಾಯಿ.

ಇನ್ನು ಪ್ರಾಣಿರಕ್ಷಣಾ ಕೇಂದ್ರಗಳು. ಅವು ಗಾಯಗೊಂಡ, ದಿಕ್ಕಿಲ್ಲದ ಪ್ರಾಣಿಗಳಿಗೆ. ಅಲ್ಲಿ ಜಾಗ ತುಂಬಿರುತ್ತದೆ. ಮಾಲೀಕರಿರುವ ನಾಯಿಗೆ ಅದು ಕೊನೆಯ ದಾರಿ.

ಹಾಲು ಕೊಡುವ ಹಸು ಇದ್ದರೆ ಏರ್ಪಾಡು ಬೇರೆ ರೀತಿ. ನೋಡಿಕೊಳ್ಳುವವರೇ ಹಾಲು ಡೇರಿಗೆ ಹಾಕಿ ದುಡ್ಡು ತೆಗೆದುಕೊಳ್ಳಲಿ, ಹಿಂಡಿ ಮೇವು ಅವರೇ ಹಾಕಲಿ ಅನ್ನುವ ಮಾತು ಹಳ್ಳಿಯಲ್ಲಿ ಸುಲಭವಾಗಿ ಕುದುರುತ್ತದೆ. ಹೊಸ ಕೈಗೆ ಹಸು ಹಾಲು ಬಿಡುತ್ತದಾ ಅಂತ ನಾಲ್ಕು ದಿನ ಮುಂಚೆಯೇ ಕರೆಸಿ ನೋಡಿ.

ಬಿಡುವ ಮುಂಚೆ

ಯಾವ ದಾರಿ ಆರಿಸಿದರೂ ಒಂದು ರಾತ್ರಿ ಅಲ್ಲಿ ಬಿಟ್ಟು ನೋಡಿ. ಅಡ್ಮಿಟ್ ಆಗೋಕೆ ಎರಡು ವಾರ ಮುಂಚೆ ಇದು ಆಗಬೇಕು. ಸರಿಹೋಗಲಿಲ್ಲ ಅಂದರೆ ಬೇರೆ ಮನೆ ನೋಡೋಕೆ ಸಮಯ ಇರುತ್ತದೆ.

ಊಟದ ವಿಷಯ ಸಣ್ಣದು ಅಂದುಕೊಳ್ಳಬೇಡಿ. ರಾಗಿ ಗಂಜಿ, ಮೊಸರನ್ನ, ಮೊಟ್ಟೆ ತಿಂದು ಬೆಳೆದ ನಾಯಿಗೆ ಒಮ್ಮೆಲೇ ಪ್ಯಾಕೆಟ್ ಊಟ ಹಾಕಿದರೆ ಭೇದಿ ಶುರುವಾಗುತ್ತದೆ. ಹೊಸ ಮನೆಯವರು ಗಾಬರಿಯಾಗುತ್ತಾರೆ. ಅಲ್ಲಿ ಹಾಕುವ ಊಟವನ್ನೇ ಮನೆಯಲ್ಲಿ ಸ್ವಲ್ಪ ಸ್ವಲ್ಪ ಬೆರೆಸುತ್ತಾ ವಾರದಲ್ಲಿ ಅಭ್ಯಾಸ ಮಾಡಿಸಿ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಕೂಡದು ಅಂತ ಅವರಿಗೂ ಹೇಳಿ. ಜೊತೆಗೆ ನೀವು ಹೊದ್ದ, ಒಗೆಯದ ಒಂದು ಬೆಡ್‌ಶೀಟ್ ಕಳಿಸಿ. ನಿಮ್ಮ ವಾಸನೆ ಇದ್ದರೆ ನಾಯಿ ಬೇಗ ಮಲಗುತ್ತದೆ.

ಇಷ್ಟೆಲ್ಲ ಯೋಚಿಸೋಕೆ ಸಮಯವೇ ಕೊಡದ ಕಾಯಿಲೆಗಳೂ ಇವೆ. ರಾತ್ರೋರಾತ್ರಿ ಎದೆನೋವು ಬಂದು ಆಂಬುಲೆನ್ಸ್ ಹತ್ತಿದರೆ? ಒಂಟಿಯಾಗಿ ಇರುವವರು ಪರ್ಸಿನಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ. "ಮನೆಯಲ್ಲಿ ನಾಯಿ ಇದೆ, ಇವರಿಗೆ ಫೋನ್ ಮಾಡಿ" ಅಂತ ಎರಡು ನಂಬರ್. ಒಂದು ಕೀಲಿ ಪಕ್ಕದ ಮನೆಯಲ್ಲಿರಲಿ. ಪ್ರಾಣಿಗೆ ಹುಷಾರು ತಪ್ಪಿದರೆ ಪಶು ಇಲಾಖೆಯ ಸಹಾಯವಾಣಿ 1962 ಇದೆ ಅನ್ನೋದನ್ನೂ ಚೀಟಿಯಲ್ಲಿ ಬರೆದಿಡಿ.

ವಾಪಸ್ ಕರೆತರುವುದು

ಡಿಸ್ಚಾರ್ಜ್ ಆದ ದಿನವೇ ನಾಯಿಯನ್ನು ತರಿಸಬೇಡಿ. ಆಸೆ ಇರುತ್ತದೆ, ತಡೆಯಿರಿ. ಡಾಕ್ಟರು ಹೇಳಿದ ಆ ಎರಡನೇ ತಾರೀಕಿನವರೆಗೆ ಕಾಯಿರಿ. ತಿಂಗಳ ಮೇಲೆ ನಿಮ್ಮನ್ನು ನೋಡಿದ ನಾಯಿ ಎದೆ ಮೇಲೆ ಹಾರದೆ ಇರೋದಿಲ್ಲ. ಮೊದಲು ಯಾರಾದರೂ ಅದನ್ನು ದೂರ ಓಡಾಡಿಸಿ ಸುಸ್ತು ಮಾಡಿಸಿ ತರಲಿ. ನೀವು ಕುರ್ಚಿಯಲ್ಲಿ ಕೂತಿರಿ. ಬೆಲ್ಟ್ ಅವರ ಕೈಯಲ್ಲೇ ಇರಲಿ, ಗಾಯದ ಮೇಲೆ ದಿಂಬು ಹಿಡಿದುಕೊಳ್ಳಿ. ಮೊದಲ ವಾರ ನಾಯಿ ನಿಮ್ಮ ಹಿಂದೆ ಬಾತ್‌ರೂಮಿಗೂ ಬರುತ್ತದೆ, ಬೈಯಬೇಡಿ. ಫಾಸ್ಟರ್ ಮಾಡಿದವರನ್ನು ಆ ತಿಂಗಳಲ್ಲಿ ಒಂದೆರಡು ಸಲ ಮನೆಗೆ ಕರೆಯಿರಿ. ಅವರಿಗೂ ಅದನ್ನು ನೋಡಬೇಕು ಅನ್ನಿಸುತ್ತಿರುತ್ತದೆ, ಮುಂದಿನ ಚೆಕಪ್‌ಗೆ ನೀವು ಬೆಂಗಳೂರಿಗೆ ಹೋಗುವ ದಿನ ಅದನ್ನು ಎಲ್ಲಿ ಬಿಡೋದು ಅನ್ನೋದನ್ನೂ ಆಗಲೇ ಮಾತಾಡಿಕೊಳ್ಳಬಹುದು.